28ನೇ ದಿನದ ವರದಿಗೆ ಕಾಯಬೇಡಿ: ಸೈಟಿನಲ್ಲಿ ನಿಂತು ಗುಣಮಟ್ಟ ನಿರ್ವಹಣೆ ಕಲಿಯುವ ಬಗೆ

ಪ್ರಶ್ನೆ: ಸಿವಿಲ್ ಬಿ.ಇ. ಮುಗಿಸಿ ನಾಲ್ಕು ವರ್ಷದಿಂದ ಸೈಟ್ ಎಂಜಿನಿಯರ್ ಆಗಿದ್ದೇನೆ. ಈಗ ಹುಬ್ಬಳ್ಳಿಯಲ್ಲಿ 90 ಮನೆಗಳ ಅಪಾರ್ಟ್‌ಮೆಂಟ್ ಕೆಲಸ ನಡೆಯುತ್ತಿದೆ. ಹೋದ ತಿಂಗಳು ಪ್ರಾಜೆಕ್ಟ್ ಮ್ಯಾನೇಜರ್ ಕರೆದು, ‘ಇನ್ನು ಮೇಲೆ ಕ್ವಾಲಿಟಿ ನೀನೇ ನೋಡಿಕೋ’ ಎಂದರು. ಓದಲು ಕೂತರೆ ಟಿಕ್ಯೂಎಂ, ಸಿಕ್ಸ್ ಸಿಗ್ಮಾ, ಐಎಸ್‌ಒ, ಪಿಡಿಸಿಎ, ಲೀನ್ ಎಂದು ಗುಣಮಟ್ಟ ವಿಧಾನಗಳ ಹೆಸರುಗಳ ರಾಶಿಯೇ ಬೀಳುತ್ತದೆ. ಯಾವುದರಿಂದ ಶುರು ಮಾಡಲಿ? ಮೊದಲು ಸರ್ಟಿಫಿಕೇಟ್ ಕೋರ್ಸ್ ಸೇರಲೇ? ಕಾರ್ಖಾನೆಗೆಂದು ಹುಟ್ಟಿದ ಈ ವಿಧಾನಗಳು ನಮ್ಮಂಥ ಕಟ್ಟಡದ ಕೆಲಸಕ್ಕೆ ನಿಜವಾಗಿಯೂ ಉಪಯೋಗಕ್ಕೆ ಬರುತ್ತವೆಯೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಖಂಡಿತ ಉಪಯೋಗಕ್ಕೆ ಬರುತ್ತವೆ. ಅವುಗಳಲ್ಲಿ ಮುಖ್ಯವಾದದ್ದನ್ನು ನೀವು ಈಗಾಗಲೇ ಬಳಸುತ್ತಿದ್ದೀರಿ, ಆದರೆ ಆ ಹೆಸರಿನಿಂದ ಗುರುತಿಸಿಲ್ಲ. ನಿಮ್ಮ ಸೈಟ್ ಆಫೀಸಿನ ಕಪಾಟಿನಲ್ಲಿ ಕಾಂಕ್ರೀಟ್ ಕೆಲಸದ ಭಾರತೀಯ ಕೋಡ್ ಆದ ಐಎಸ್ 456 ಇದ್ದೇ ಇರುತ್ತದೆ. ಅದರಲ್ಲಿ ಕಾಂಕ್ರೀಟಿನ ಸ್ಯಾಂಪಲ್ ತೆಗೆಯುವ ಮತ್ತು ಒಪ್ಪಿಕೊಳ್ಳುವ ಅಧ್ಯಾಯಗಳನ್ನು ಬಿಡಿಸಿ ಓದಿ. ಗುಣಮಟ್ಟ ನಿರ್ವಹಣೆಯ ಮೊದಲ ಪಾಠಪುಸ್ತಕ ಅದೇ ಆಗಲಿ ಎಂದು ನಾನು ಹೇಳುತ್ತೇನೆ.

ನನ್ನ ಸ್ವಂತ ಅನುಭವ ಒಂದಿದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ವಸತಿ ಕಟ್ಟಡದ ಎರಡನೇ ಮಹಡಿಯ ಸ್ಲ್ಯಾಬ್ ಹಾಕಿಸಿದೆ. ಬಲ ಪರೀಕ್ಷೆಗೆಂದು ಅದೇ ಕಾಂಕ್ರೀಟಿನಿಂದ ಕ್ಯೂಬ್ ಅಚ್ಚುಗಳನ್ನು ತುಂಬಿಸಿದೆ, ನೀರಿನ ತೊಟ್ಟಿಯಲ್ಲಿಟ್ಟೆ, ರಿಜಿಸ್ಟರ್ ಬರೆದೆ. 28ನೇ ದಿನದ ಪರೀಕ್ಷೆಯ ವರದಿ ಬಂದಾಗ ಒಂದು ಸ್ಯಾಂಪಲ್ ಬೇಕಾದಷ್ಟು ಬಲವಿಲ್ಲದೆ ಫೇಲಾಗಿತ್ತು. ಅಷ್ಟರಲ್ಲಿ ಆ ಸ್ಲ್ಯಾಬಿನ ಮೇಲೆ ಇನ್ನೂ ಎರಡು ಸ್ಲ್ಯಾಬ್ ಎದ್ದು ನಿಂತಿದ್ದವು. ಮುಂದೆ ಕಾಂಕ್ರೀಟಿನ ಬಲ ಅಂದಾಜಿಸುವ ರಿಬೌಂಡ್ ಹ್ಯಾಮರ್ ಹೊಡೆದದ್ದಾಯಿತು, ಸ್ಲ್ಯಾಬನ್ನೇ ಕೊರೆದು ಕೋರ್ ತುಂಡುಗಳನ್ನು ತೆಗೆದದ್ದಾಯಿತು. ಕೋರ್ ಪರೀಕ್ಷೆಗೆ ಕಡಿಮೆಯೆಂದರೂ ಮೂರು ಕೋರ್ ಬೇಕು. ಅವುಗಳ ಸರಾಸರಿ, ಆ ಗ್ರೇಡಿನ ಕ್ಯೂಬಿಗೆ ಬೇಕಾದ ಬಲದ ಶೇ. 85ಕ್ಕೆ ಇಳಿಯಬಾರದು, ಯಾವೊಂದು ಕೋರೂ ಶೇ. 75ಕ್ಕಿಂತ ಕೆಳಗಿರಬಾರದು. ನಮ್ಮದು ದಾಟಿಕೊಂಡಿತು. ಆದರೆ ಆ ಹತ್ತು ದಿನ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆಯ ಅರ್ಥ ನನಗೆ ಪೂರ್ತಿ ತಿಳಿದದ್ದು ಆಗ. ಕ್ಯೂಬ್ ಪರೀಕ್ಷೆ ಬೇಕೇ ಬೇಕು. ಆದರೆ ಅದು ನಡೆದುಹೋದದ್ದನ್ನು ಹೇಳುವ ಪರೀಕ್ಷೆ. ಸ್ಲ್ಯಾಬಿನ ಗುಣಮಟ್ಟ ನಿರ್ಧಾರವಾಗುವುದು ಕಾಂಕ್ರೀಟ್ ತರುವ ಟ್ರಾನ್ಸಿಟ್ ಮಿಕ್ಸರ್ ಲಾರಿ ಗೇಟಿನೊಳಗೆ ಬರುವ ಮೊದಲು.

ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಪುಸ್ತಕಗಳು ಗುಣಮಟ್ಟದ ಕೆಲಸವನ್ನು ಮೂರು ಪಾಲು ಮಾಡುವುದು ಇದೇ ಕಾರಣಕ್ಕೆ. ಪಿಎಂಐ (ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್) ಸಂಸ್ಥೆಯ ಪಿಎಂಬಾಕ್ ಕೈಪಿಡಿಯ 2017ರ ಆವೃತ್ತಿಯಲ್ಲಿ ಅವು ಪ್ಲಾನ್, ಮ್ಯಾನೇಜ್, ಕಂಟ್ರೋಲ್ ಎಂದು ಬರುತ್ತವೆ. ಏನು ಬೇಕು, ಅದನ್ನು ಯಾರು ಯಾವ ಹಂತದಲ್ಲಿ ನೋಡಬೇಕು ಎಂದು ಮೊದಲೇ ಬರೆದಿಡುವುದು ಪ್ಲಾನ್. ಬರೆದಂತೆಯೇ ಕೆಲಸ ನಡೆಯುವ ಹಾಗೆ ವ್ಯವಸ್ಥೆ ಮಾಡುವುದು ಮ್ಯಾನೇಜ್, ಹಳಬರು ಕ್ಯೂಎ (ಕ್ವಾಲಿಟಿ ಅಶೂರೆನ್ಸ್) ಎನ್ನುತ್ತಿದ್ದದ್ದು ಇದನ್ನೇ. ಆದದ್ದನ್ನು ಅಳೆದು ನೋಡುವುದು ಕಂಟ್ರೋಲ್, ಅಂದರೆ ಕ್ಯೂಸಿ (ಕ್ವಾಲಿಟಿ ಕಂಟ್ರೋಲ್). ನಮ್ಮ ಸೈಟುಗಳಲ್ಲಿ ‘ಕ್ವಾಲಿಟಿ’ ಎಂದರೆ ಬರೀ ಈ ಮೂರನೆಯದು ಎಂದಾಗಿಬಿಟ್ಟಿದೆ. ಕ್ವಾಲಿಟಿ ಎಂಜಿನಿಯರ್ ಎಂದರೆ ಕ್ಯೂಬ್ ಹುಡುಗ ಎಂದು ಕರೆಯುವ ಸೈಟುಗಳನ್ನು ನಾನು ನೋಡಿದ್ದೇನೆ, ನೊಂದುಕೊಂಡಿದ್ದೇನೆ. ನಿಮ್ಮ ದಿನದ ಹೆಚ್ಚು ಹೊತ್ತು ಮೊದಲ ಎರಡಕ್ಕೆ ಹೋಗಲಿ.

ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ಗುಣಮಟ್ಟ ಬೇರೆ, ಗ್ರೇಡ್ ಬೇರೆ. ನಮ್ಮ ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲ ಅಗ್ಗದ್ದು. ಆದರೆ ಕೈಬಲ್ಲ ಗಾರೆಯವರು ಹಾಕಿದ್ದರೆ 50 ವರ್ಷವಾದರೂ ಕನ್ನಡಿಯಂತೆ ಹೊಳೆಯುತ್ತದೆ. ದುಬಾರಿ ಇಟಾಲಿಯನ್ ಮಾರ್ಬಲ್ ಹಾಕಿಸಿ, ಅಡಿಯಲ್ಲಿ ಟೊಳ್ಳು ಬಿಟ್ಟಿದ್ದರೆ ಅದು ಮೇಲ್ದರ್ಜೆಯ ವಸ್ತು, ಕೆಟ್ಟ ಕೆಲಸ. ‘ಬಜೆಟ್ ಇಲ್ಲ, ಅದಕ್ಕೇ ಕ್ವಾಲಿಟಿ ಇಲ್ಲ’ ಎಂದು ಯಾರಾದರೂ ಹೇಳಿದಾಗ ಈ ವ್ಯತ್ಯಾಸ ನೆನಪಿಟ್ಟುಕೊಳ್ಳಿ.

ಈಗ ಐಎಸ್ 456ಕ್ಕೆ ಹಿಂತಿರುಗೋಣ. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಚುಕಿದರೆ ಸಾಕು ಎನ್ನುತ್ತೇವೆ. ಅದು ಸಾಕಾಗುವುದು ಪಾತ್ರೆ ಒಂದೇ, ಉರಿ ಒಂದೇ, ನೀರೂ ಒಂದೇ ಆಗಿರುವುದರಿಂದ. ಕಾಂಕ್ರೀಟಿನಲ್ಲಿ ಪ್ರತಿ ಲೋಡೂ ಬೇರೆ ಪಾತ್ರೆ. ಆದ್ದರಿಂದಲೇ ಎಷ್ಟು ಅಗುಳು ನೋಡಬೇಕೆಂದು ಕೋಡ್ ಹೇಳುತ್ತದೆ. 5 ಘನ ಮೀಟರ್‌ವರೆಗೆ ಒಂದು ಸ್ಯಾಂಪಲ್, 15ರವರೆಗೆ ಎರಡು, 30ರವರೆಗೆ ಮೂರು, 50ರವರೆಗೆ ನಾಲ್ಕು, ಅಲ್ಲಿಂದಾಚೆ ಪ್ರತಿ 50ಕ್ಕೆ ಅಥವಾ ಅದರ ಭಾಗಕ್ಕೆ ಇನ್ನೊಂದು. ನಿಮ್ಮ ಸ್ಲ್ಯಾಬ್ 60 ಘನ ಮೀಟರ್ ಇದ್ದರೆ ಐದು ಸ್ಯಾಂಪಲ್ ಬೇಕು. ಒಂದೊಂದಕ್ಕೆ ಮೂರರಂತೆ 28 ದಿನದ ಕ್ಯೂಬುಗಳೇ 15. ಒಂದು ಸ್ಯಾಂಪಲಿನ ಮೂರು ಕ್ಯೂಬುಗಳ ಫಲಿತಾಂಶ ಅವುಗಳ ಸರಾಸರಿಯಿಂದ ಶೇ. 15ಕ್ಕಿಂತ ಆಚೀಚೆ ಹೋಗಬಾರದು. ಹೋದರೆ ಕಾಂಕ್ರೀಟಿಗಿಂತ ಮೊದಲು ಕ್ಯೂಬ್ ತುಂಬಿದ ಕೈಯನ್ನು, ಮೌಲ್ಡನ್ನು, ಪರೀಕ್ಷಿಸಿದ ಯಂತ್ರವನ್ನು ಅನುಮಾನಿಸಬೇಕು.

ಎಂ25 ಕಾಂಕ್ರೀಟಿಗೆ ಮಿಕ್ಸ್ ಡಿಸೈನ್ ಮಾಡುವಾಗ, ಅಂದರೆ ಸಿಮೆಂಟು, ಮರಳು, ಜಲ್ಲಿ, ನೀರಿನ ಪ್ರಮಾಣ ನಿರ್ಧರಿಸುವಾಗ, ಚದರ ಮಿಲಿಮೀಟರಿಗೆ 25 ನ್ಯೂಟನ್ ಬಲಕ್ಕೆ ಗುರಿಯಿಡುವುದಿಲ್ಲ ಎಂಬುದು ನಿಮಗೆ ಗೊತ್ತು. 25ಕ್ಕೆ ಸ್ಟ್ಯಾಂಡರ್ಡ್ ಡೀವಿಯೇಶನ್‌ನ (ಫಲಿತಾಂಶಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದರ ಅಳತೆ) 1.65 ಪಟ್ಟು ಸೇರಿಸುತ್ತೇವೆ. ಡೀವಿಯೇಶನ್ 4 ಎಂದಿಟ್ಟುಕೊಂಡರೆ ಗುರಿ 31.6 ಆಗುತ್ತದೆ. ಈ 1.65 ಎಲ್ಲಿಂದ ಬಂತು? ಫಲಿತಾಂಶಗಳಲ್ಲಿ ಶೇ. 5ಕ್ಕಿಂತ ಹೆಚ್ಚು 25ರ ಕೆಳಗೆ ಬೀಳಬಾರದು ಎಂಬ ಲೆಕ್ಕದಿಂದ. ಈಗ ಯೋಚಿಸಿ. ಮರಳಿನ ತೇವ ನೋಡದೆ, ನೀರು ಅಳೆಯದೆ ಕೆಲಸ ಮಾಡುವ ಪ್ಲಾಂಟಿನಲ್ಲಿ ಡೀವಿಯೇಶನ್ 6ಕ್ಕೆ ಏರಿದರೆ ಗುರಿ 34.9ಕ್ಕೆ ಹೋಗಬೇಕಾಗುತ್ತದೆ. ಆ 3.3 ನ್ಯೂಟನ್ ಅಂತರವನ್ನು ತುಂಬುವುದು ಸಿಮೆಂಟು, ಅಂದರೆ ದುಡ್ಡು. ಏರಿಳಿತ ಕಡಿಮೆ ಮಾಡಿದಷ್ಟೂ ಖರ್ಚು ಕಡಿಮೆ. ಸಿಕ್ಸ್ ಸಿಗ್ಮಾದ ದಪ್ಪ ಪುಸ್ತಕಗಳ ಜೀವಾಳ ಇಷ್ಟೇ, ಅದು ನಿಮ್ಮ ಮಿಕ್ಸ್ ಡಿಸೈನ್ ಹಾಳೆಯಲ್ಲೇ ಇದೆ. ಸ್ವಂತ ಡೀವಿಯೇಶನ್ ಲೆಕ್ಕ ಹಾಕಲು 30 ಸ್ಯಾಂಪಲ್ ಬೇಕೆಂದು ಕೋಡ್ ಕೇಳುತ್ತದೆ. ನಿಮ್ಮ ಹಳೆಯ ರಿಜಿಸ್ಟರಿನಲ್ಲಿ ಅಷ್ಟು ಈಗಾಗಲೇ ಇರಬಹುದು. ಈ ವಾರವೇ ಲೆಕ್ಕ ಹಾಕಿ ನೋಡಿ.

ಅದೇ 30 ಸಂಖ್ಯೆಗಳನ್ನು ದಿನಾಂಕದ ಕ್ರಮದಲ್ಲಿ ಗ್ರಾಫ್ ಹಾಳೆಯ ಮೇಲೆ ಚುಕ್ಕಿಯಿಟ್ಟು, ನಡುವೆ ಸರಾಸರಿಯ ಗೆರೆ, ಮೇಲೆ ಕೆಳಗೆ ಮಿತಿಯ ಗೆರೆ ಎಳೆದರೆ ಅದು ಕಂಟ್ರೋಲ್ ಚಾರ್ಟ್. ಇದನ್ನು ಕಂಡುಹಿಡಿದವರು ವಾಲ್ಟರ್ ಶೂಹಾರ್ಟ್. ಅಮೆರಿಕದಲ್ಲಿ ಟೆಲಿಫೋನ್ ಉಪಕರಣ ತಯಾರಿಸುತ್ತಿದ್ದ ವೆಸ್ಟರ್ನ್ ಎಲೆಕ್ಟ್ರಿಕ್‌ನಲ್ಲಿದ್ದಾಗ 1924ರ ಮೇ ತಿಂಗಳಲ್ಲಿ ತಮ್ಮ ಮೇಲಧಿಕಾರಿಗೆ ಬರೆದ ಪುಟ್ಟ ಟಿಪ್ಪಣಿಯಲ್ಲಿ ಅವರು ಇದನ್ನು ಮೊದಲು ಬಿಡಿಸಿ ತೋರಿಸಿದರು. ಅವರ ಮುಖ್ಯ ಮಾತು ಹೀಗಿದೆ: ಏರಿಳಿತದಲ್ಲಿ ಎರಡು ಜಾತಿ. ಒಂದು ಪದ್ಧತಿಯೊಳಗೇ ಇರುವ ಸಹಜ ಅಲುಗಾಟ, ಇನ್ನೊಂದು ನಿರ್ದಿಷ್ಟ ಕಾರಣದಿಂದ ಬಂದದ್ದು. ರಾತ್ರಿ ಮಳೆ ಬಂದು ಎಂ-ಸ್ಯಾಂಡ್ ನೆನೆದು, ಬೆಳಿಗ್ಗೆ ಸ್ಲಂಪ್ (ಹಸಿ ಕಾಂಕ್ರೀಟ್ ಎಷ್ಟು ಸಡಿಲ ಎಂಬ ಅಳತೆ) ದಿಢೀರನೆ ಏರಿದರೆ ಅದು ಎರಡನೇ ಜಾತಿ. ಹುಡುಕಿದರೆ ಕಾರಣ ಸಿಗುತ್ತದೆ. ಆದರೆ ಮಿತಿಯ ಗೆರೆಗಳ ಒಳಗೇ ಒಂದು ಚುಕ್ಕಿ ಸ್ವಲ್ಪ ಇಳಿದಾಗ ಅರ್ಧ ಮೂಟೆ ಸಿಮೆಂಟ್ ಜಾಸ್ತಿ ಮಾಡುವುದು, ಮರುದಿನ ಏರಿದಾಗ ತೆಗೆಯುವುದು, ಇದರಿಂದ ಏರಿಳಿತ ಇನ್ನೂ ಹೆಚ್ಚುತ್ತದೆ. ಒಂದೊಂದು ಫಲಿತಾಂಶಕ್ಕೂ ಬೆಚ್ಚಿಬೀಳುವ ಮ್ಯಾನೇಜರುಗಳಿಗೆ ಈ ಚಾರ್ಟ್ ತೋರಿಸಿ. ಬಾಯಿಮಾತಿನಲ್ಲಿ ಆಗದ ಕೆಲಸ ಅದರಿಂದ ಆಗುತ್ತದೆ.

ಈ ವಿದ್ಯೆ ನಮ್ಮ ದೇಶಕ್ಕೆ ತಡವಾಗಿ ಬಂದದ್ದೇನಲ್ಲ. 1931ರಲ್ಲಿ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಕಟ್ಟಿದ ಪ್ರೊ. ಮಹಾಲನೋಬಿಸ್ ಅವರ ಆಹ್ವಾನದ ಮೇರೆಗೆ ಶೂಹಾರ್ಟ್ 1947-48ರಲ್ಲಿ ಭಾರತಕ್ಕೆ ಬಂದಿದ್ದರು. ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಡೆಮಿಂಗ್ ಜಪಾನಿನ ಎಂಜಿನಿಯರುಗಳಿಗೆ ಪ್ರಸಿದ್ಧ ಉಪನ್ಯಾಸಗಳನ್ನು ಕೊಟ್ಟದ್ದು 1950ರಲ್ಲಿ, ಅಂದರೆ ಅದರ ನಂತರ. ಬೆಂಗಳೂರಿನ ಮೈಸೂರು ರಸ್ತೆಯಲ್ಲಿರುವ ಆ ಸಂಸ್ಥೆಯ ಕೇಂದ್ರದಲ್ಲಿ ಇಂದಿಗೂ ಗುಣಮಟ್ಟ ನಿಯಂತ್ರಣದ ವಿಭಾಗವಿದೆ. ಮುಂದೆ ಸಂಖ್ಯಾಶಾಸ್ತ್ರವನ್ನು ಗಟ್ಟಿಯಾಗಿ ಕಲಿಯಬೇಕೆನಿಸಿದಾಗ ಅಲ್ಲಿನ ತರಬೇತಿಗಳನ್ನು ವಿಚಾರಿಸಿ.

ಇನ್ನು ಕಾಂಕ್ರೀಟ್ ಬಿಟ್ಟು ಬಾತ್‌ರೂಮಿಗೆ ಬರೋಣ. ಅಪಾರ್ಟ್‌ಮೆಂಟ್ ಕಟ್ಟಿದವರಿಗೆಲ್ಲ ಗೊತ್ತಿರುವ ತಲೆನೋವು ಸೋರಿಕೆ. ನೀವು ವಿಧಾನಗಳನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ಏಕೆಂದರೆ 90 ಮನೆಯೆಂದರೆ, ಮನೆಗೆರಡರಂತೆ 180 ಬಾತ್‌ರೂಮು. ಒಂದೇ ಕೆಲಸ 180 ಸಲ ನಡೆಯುತ್ತದೆ. ಕಟ್ಟಡ ಒಂದೇ ಸಲದ್ದಾದರೂ ಅದರೊಳಗೆ ಕಾರ್ಖಾನೆಯಂತೆ ಮರುಕಳಿಸುವ ಕೆಲಸಗಳು ಬೇಕಾದಷ್ಟಿವೆ. ಕಾರ್ಖಾನೆಯ ವಿಧಾನ ನಮಗೆ ಹೊಂದುವುದು ಅಲ್ಲೇ.

ಮೊದಲು ಎಣಿಸಿ. ನಾಲ್ಕು ವಾರ ಪ್ರತಿ ದೋಷವನ್ನೂ ಒಂದು ಹಾಳೆಯಲ್ಲಿ ಗೀಟು ಹಾಕುತ್ತ ಹೋಗಿ: ಸೋರಿಕೆ, ಟೈಲ್ಸ್ ಟೊಳ್ಳು, ಪ್ಲಾಸ್ಟರ್ ಬಿರುಕು, ಬಾಗಿಲು ಚೌಕಟ್ಟು ವಾಲಿದ್ದು, ಹೀಗೆ. ಲೆಕ್ಕಕ್ಕೆಂದು 60 ದೋಷ ಸಿಕ್ಕವು, ಅದರಲ್ಲಿ 34 ಸೋರಿಕೆಯವೇ ಎಂದಿಟ್ಟುಕೊಳ್ಳಿ. ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದರೆ ಅದು ಪ್ಯಾರೆಟೊ ಚಾರ್ಟ್. ಎಲ್ಲವನ್ನೂ ಒಟ್ಟಿಗೆ ಸರಿಪಡಿಸಲು ಹೋಗಬೇಡಿ, ಅತಿ ಹೆಚ್ಚು ಗೀಟು ಬಿದ್ದ ಸಾಲನ್ನು ಹಿಡಿಯಿರಿ. ಆಮೇಲೆ ಆ 34ರಲ್ಲಿ ಸೋರಿದ್ದು ಎಲ್ಲಿಂದ ಎಂದು ಬೇರ್ಪಡಿಸಿ. ನನ್ನ ಅನುಭವದಲ್ಲಿ ಹೆಚ್ಚಿನವು ಸ್ಲ್ಯಾಬಿನ ನಡುವಿನಿಂದ ಸೋರುವುದಿಲ್ಲ. ಪೈಪು ಸ್ಲ್ಯಾಬ್ ತೂರುವ ಜಾಗದಲ್ಲಿ, ನೆಲದ ನೀರು ಹೊರಹೋಗುವ ನಹಾನಿ ಟ್ರ್ಯಾಪಿನ ಸುತ್ತ, ಗೋಡೆ ನೆಲ ಸೇರುವ ಮೂಲೆಯಲ್ಲಿ ಸೋರುತ್ತವೆ.

ಈಗ ‘ಯಾಕೆ’ ಎಂದು ಕೇಳುತ್ತ ಹೋಗುವ, ಟೊಯೊಟಾದವರು ಹೆಸರಾಗಿಸಿದ ವಿಧಾನ. ನೀರು ಯಾಕೆ ಸೋರಿತು? ಪೈಪಿನ ಸುತ್ತ ಸಂದಿಯಿತ್ತು. ಸಂದಿ ಯಾಕೆ? ಸ್ಲ್ಯಾಬ್ ಹಾಕಿದ ಮೇಲೆ ಉಳಿಯಿಂದ ಒಡೆದು ತೂತು ಮಾಡಿದ್ದರಿಂದ ತೂತು ಪೈಪಿಗಿಂತ ದೊಡ್ಡದಾಯಿತು, ಗ್ರೌಟ್ ಸರಿಯಾಗಿ ಹಿಡಿಯಲಿಲ್ಲ. ಒಡೆದದ್ದು ಯಾಕೆ? ಸ್ಲ್ಯಾಬ್ ಹಾಕುವ ಮೊದಲು, ಪೈಪಿಗೆ ದಾರಿ ಬಿಡುವ ಕೊಳವೆಯ ತುಂಡು, ಅಂದರೆ ಸ್ಲೀವ್, ಇಟ್ಟಿರಲಿಲ್ಲ. ಯಾಕೆ ಇಡಲಿಲ್ಲ? ಪ್ಲಂಬಿಂಗ್ ಡ್ರಾಯಿಂಗ್ ಸೈಟಿಗೆ ಬಂದದ್ದೇ ಕಾಂಕ್ರೀಟ್ ಆದ ಮೇಲೆ. ಅದು ಯಾಕೆ ತಡವಾಯಿತು? ಪ್ರಾಜೆಕ್ಟ್ ಶೆಡ್ಯೂಲಿನಲ್ಲಿ ಪ್ಲಂಬಿಂಗ್ ಕೆಲಸಕ್ಕೆ ದಿನಾಂಕವಿತ್ತು, ಪ್ಲಂಬಿಂಗ್ ಡ್ರಾಯಿಂಗಿಗೆ ಇರಲಿಲ್ಲ.

ಗಮನಿಸಿದಿರಾ? ವಾಟರ್‌ಪ್ರೂಫಿಂಗ್ ಮಾಡಿದವನನ್ನು ಬೈಯುವುದರಿಂದ ಶುರುವಾದದ್ದು ಶೆಡ್ಯೂಲ್ ಮಾಡುವವರ ಮೇಜಿಗೆ ಬಂದು ನಿಂತಿತು. ಪ್ರಾಜೆಕ್ಟಿನಲ್ಲಿ ಗುಣಮಟ್ಟವನ್ನು ಬೇರೆ ಇಲಾಖೆಯೆಂದು ನೋಡಬಾರದೆಂಬುದು ಇದಕ್ಕೇ. ಜಪಾನಿನ ಇಶಿಕಾವಾ ಅವರ ಮೀನಿನ ಮುಳ್ಳಿನ ಚಿತ್ರವನ್ನೂ ಇಲ್ಲಿ ಬಳಸಬಹುದು. ಮನುಷ್ಯ, ವಸ್ತು, ಯಂತ್ರ, ವಿಧಾನ ಎಂದು ಮುಳ್ಳುಗಳನ್ನೆಳೆದು ಕಾರಣಗಳನ್ನು ಬರೆಯಬೇಕು. ಒಂದೇ ಷರತ್ತು, ಅದನ್ನು ನೀವೊಬ್ಬರೇ ಆಫೀಸಿನಲ್ಲಿ ಕೂತು ಬಿಡಿಸಬೇಡಿ. ಮೇಸ್ತ್ರಿ, ಪ್ಲಂಬರ್, ಸೆಂಟ್ರಿಂಗ್‌ನವರು ಎಲ್ಲರನ್ನೂ ಚಹಾದ ಹೊತ್ತಿಗೆ ಕೂರಿಸಿಕೊಂಡು ಮಾಡಿ. ಅವರಿಗೆ ಗೊತ್ತಿರುವ ಅರ್ಧದಷ್ಟೂ ನಮಗೆ ಗೊತ್ತಿರುವುದಿಲ್ಲ.

ಕಾರಣ ಸಿಕ್ಕ ಮೇಲೆ ಅದು ಮರುಕಳಿಸದಂತೆ ದಾರಿಗೆ ಅಡ್ಡಗಟ್ಟೆ ಹಾಕಬೇಕು. ಅದಕ್ಕೆ ನಮ್ಮಲ್ಲಿರುವ ಸಾಧನ ಐಟಿಪಿ (ಇನ್‌ಸ್ಪೆಕ್ಷನ್ ಆ್ಯಂಡ್ ಟೆಸ್ಟ್ ಪ್ಲಾನ್), ಅಂದರೆ ಯಾವ ಹಂತದಲ್ಲಿ ಏನನ್ನು ಯಾರು ಪರೀಕ್ಷಿಸಬೇಕೆಂಬ ಪಟ್ಟಿ. ಅದರಲ್ಲಿ ಕೆಲವನ್ನು ಹೋಲ್ಡ್ ಪಾಯಿಂಟ್ ಎಂದು ಗುರುತಿಸುತ್ತೇವೆ. ಅಲ್ಲಿ ಸಹಿ ಬೀಳದೆ ಮುಂದಿನ ಕೆಲಸ ಶುರುವಾಗಬಾರದು. ಬಾತ್‌ರೂಮಿಗೆ ನಾನು ಎರಡು ಹೋಲ್ಡ್ ಪಾಯಿಂಟ್ ಇಡುತ್ತೇನೆ. ಸ್ಲ್ಯಾಬ್ ಹಾಕುವ ಮೊದಲು ಪೋರ್ ಕಾರ್ಡಿನಲ್ಲಿ (ಕಾಂಕ್ರೀಟ್ ಸುರಿಯಲು ಒಪ್ಪಿಗೆ ಕೊಡುವ ಹಾಳೆ) ‘ಸ್ಲೀವ್‌ಗಳು ಡ್ರಾಯಿಂಗ್ ಪ್ರಕಾರ ಇವೆ’ ಎಂಬ ಸಾಲಿಗೆ ಪ್ಲಂಬರ್ ಸಹಿ ಬೇಕು. ವಾಟರ್‌ಪ್ರೂಫಿಂಗ್ ಆದ ಮೇಲೆ 48 ಗಂಟೆ ನೀರು ಕಟ್ಟಿ ನಿಲ್ಲಿಸಿ, ಕೆಳಗಿನ ಮಹಡಿಯಿಂದ ಸೀಲಿಂಗ್ ನೋಡಿ, ಆಮೇಲಷ್ಟೇ ಇಟ್ಟಿಗೆ ಚೂರು ತುಂಬಿಸಬೇಕು. ಈ ಎರಡರಲ್ಲಿ ಒಂದನ್ನೇ ಇಟ್ಟುಕೊಳ್ಳಿ ಎಂದರೆ ನಾನು ಮೊದಲನೆಯದನ್ನು ಆರಿಸುತ್ತೇನೆ. ಅದು ತಡೆಯುತ್ತದೆ, ಎರಡನೆಯದು ಹಿಡಿಯುತ್ತದೆ.

ಮ್ಯಾನೇಜರ್ ‘ಇದಕ್ಕೆಲ್ಲ ಟೈಮ್ ಎಲ್ಲಿದೆ’ ಎಂದರೆ ಗುಣಮಟ್ಟದ ಖರ್ಚಿನ ಲೆಕ್ಕ ಮುಂದಿಡಿ. ತಡೆಯುವ ಖರ್ಚು, ಪರೀಕ್ಷಿಸುವ ಖರ್ಚು, ಕೊಡುವ ಮೊದಲು ಸಿಕ್ಕ ದೋಷದ ಖರ್ಚು, ಕೊಟ್ಟ ಮೇಲೆ ಸಿಕ್ಕ ದೋಷದ ಖರ್ಚು ಎಂದು ನಾಲ್ಕು ಬಗೆ. ಸ್ಲೀವ್ ಎಂದರೆ ಒಂದು ಅಂಗೈಯಗಲ ಪಿವಿಸಿ ತುಂಡು. ಜನ ವಾಸಕ್ಕೆ ಬಂದ ಮೇಲಾದರೆ ಟೈಲ್ಸ್ ಒಡೆಯಬೇಕು, ತುಂಬಿದ್ದನ್ನೆಲ್ಲ ಅಗೆದು ತೆಗೆಯಬೇಕು, ಕೆಳಗಿನ ಮನೆಯ ಸೀಲಿಂಗ್ ಬಣ್ಣ ಬಳಿಸಬೇಕು, ಮೇಲೆ ಎರಡು ಮನೆಯವರ ಮಾತು ಕೇಳಬೇಕು. 2016ರ ರೇರಾ ಕಾಯ್ದೆಯ ಪ್ರಕಾರ, ಮನೆ ವಶಕ್ಕೆ ಕೊಟ್ಟ ದಿನದಿಂದ ಐದು ವರ್ಷದೊಳಗೆ ರಚನೆಯಲ್ಲಾಗಲಿ ಕೆಲಸದ ಗುಣಮಟ್ಟದಲ್ಲಾಗಲಿ ದೋಷ ಕಂಡು ತಿಳಿಸಿದರೆ ಬಿಲ್ಡರ್ 30 ದಿನದಲ್ಲಿ ಉಚಿತವಾಗಿ ಸರಿಪಡಿಸಿಕೊಡಬೇಕು. ನಿಮ್ಮ ಸೈಟಿನ ಒಂದು ಸೋರಿಕೆಗೆ ನಿಜವಾಗಿ ಎಷ್ಟು ಖರ್ಚಾಯಿತೆಂದು ಬಿಲ್ಲು ಜೋಡಿಸಿ ಒಂದು ಹಾಳೆ ಮಾಡಿ. ಸಭೆಯಲ್ಲಿ ಆ ಒಂದು ಹಾಳೆ ಸಾಕು.

ನನಗೆ ತುಂಬ ನೋವು ಕೊಡುವ ಒಂದು ವಿಷಯವನ್ನೂ ಹೇಳಬೇಕು. ಹಲವು ಸೈಟುಗಳ ಕ್ಯೂಬ್ ರಿಜಿಸ್ಟರ್ ತೆಗೆದರೆ ಫಲಿತಾಂಶಗಳು 33, 34, 33, 34 ಎಂದು ಮುತ್ತು ಪೋಣಿಸಿದಂತೆ ಇರುತ್ತವೆ. ನಿಜವಾದ ಕಾಂಕ್ರೀಟ್ ಹಾಗೆ ನಡೆದುಕೊಳ್ಳುವುದಿಲ್ಲ. ಕ್ಯೂಬಿಗೆಂದೇ ಬೇರೆ ಮಾಲು ಕಲೆಸಿದ್ದಾರೆ ಅಥವಾ ಪೆನ್ನಿನಲ್ಲೇ ಪರೀಕ್ಷೆ ಮುಗಿಸಿದ್ದಾರೆ ಎಂದರ್ಥ. ಹುಡುಗರು ಹೀಗೆ ಮಾಡುವುದು ಕೆಟ್ಟವರೆಂದಲ್ಲ, ಸಂಖ್ಯೆ ಕಡಿಮೆ ಬಂದಾಗಲೆಲ್ಲ ಬೈಗುಳ ತಿಂದಿರುತ್ತಾರೆ. ಡೆಮಿಂಗ್ ತಮ್ಮ 14 ಸೂತ್ರಗಳಲ್ಲಿ ಕೆಲಸದ ಜಾಗದಿಂದ ಭಯವನ್ನು ಓಡಿಸಿ ಎಂಬುದನ್ನೂ ಒಂದಾಗಿ ಸೇರಿಸಿದ್ದು ಸುಮ್ಮನೆ ಅಲ್ಲ. ನೀವು ಈ ಹುದ್ದೆಯಲ್ಲಿ ಮಾಡಬೇಕಾದ ಮೊದಲ ಕೆಲಸವೆಂದರೆ, ಕೆಟ್ಟ ಸಂಖ್ಯೆ ತಂದವನಿಗೆ ‘ಹೇಳಿದ್ದು ಒಳ್ಳೆಯದಾಯಿತು’ ಎನ್ನುವುದು. ಸುಳ್ಳು ಸಂಖ್ಯೆಗಳ ಮೇಲೆ ಯಾವ ವಿಧಾನವೂ ನಿಲ್ಲುವುದಿಲ್ಲ.

ಮೇಸ್ತ್ರಿಗಳ ಜೊತೆಗೂ ಅಷ್ಟೇ. ತಪ್ಪು ಹಿಡಿಯುವ ಪೊಲೀಸಿನವನಾಗಿ ಹೋದರೆ ನೀವು ಬರುವ ದಾರಿ ನೋಡಿಕೊಂಡು ಎಲ್ಲವನ್ನೂ ಮುಚ್ಚುತ್ತಾರೆ. ಮೊದಲು ಒಂದು ಮಾದರಿ ಬಾತ್‌ರೂಮನ್ನು ಅವರ ಕೈಯಲ್ಲೇ ಪೂರ್ತಿ ಮಾಡಿಸಿ, ಇಬ್ಬರೂ ನಿಂತು ಒಪ್ಪಿ, ಅದನ್ನೇ ಅಳತೆಗೋಲು ಮಾಡಿ. ‘ಇದರಂತೆ’ ಎಂದು ಬೆರಳು ತೋರಿಸಿದರೆ ಸಾಕು, ಹತ್ತು ಪುಟದ ಸ್ಪೆಸಿಫಿಕೇಶನ್ ಓದಿ ಹೇಳಬೇಕಾಗಿಲ್ಲ. ಚೆಕ್‌ಲಿಸ್ಟನ್ನು ಕನ್ನಡದಲ್ಲಿ ಬರೆಯಿರಿ. ಬೇರೆ ರಾಜ್ಯದ ಕೆಲಸಗಾರರಿದ್ದರೆ ಹಿಂದಿಯಲ್ಲೂ ಇರಲಿ. ಹತ್ತು ಸಾಲಿಗಿಂತ ಉದ್ದ ಬೇಡ. ಕಾಂಕ್ರೀಟಿಗೆ ನೀರುಣಿಸುವ ಕೆಲಸದ, ಅಂದರೆ ಕ್ಯೂರಿಂಗಿನ ಉದಾಹರಣೆ ನೋಡಿ. ಓಪಿಸಿ (ಸಾಮಾನ್ಯ ಪೋರ್ಟ್‌ಲ್ಯಾಂಡ್) ಸಿಮೆಂಟಿಗೆ ಕನಿಷ್ಠ 7 ದಿನ, ಪಿಪಿಸಿಯಂಥ (ಪೋರ್ಟ್‌ಲ್ಯಾಂಡ್ ಪೊಝೊಲಾನಾ) ಮಿಶ್ರ ಸಿಮೆಂಟಿಗೆ ಕನಿಷ್ಠ 10 ದಿನ ಎಂದು ಕೋಡ್ ಹೇಳುತ್ತದೆ. ಬಳಸುವುದು ಪಿಪಿಸಿ, ನಿಲ್ಲಿಸುವುದು 7ನೇ ದಿನಕ್ಕೆ. ಸ್ಲ್ಯಾಬಿನ ಪಕ್ಕದ ಕಾಲಮ್ಮಿನ ಮೇಲೆ ಸುಣ್ಣದ ಬಳಪದಲ್ಲಿ ‘ನೀರು ಇಂಥ ತಾರೀಕಿನವರೆಗೆ’ ಎಂದು ಬರೆಸಿದರೆ ಆ ತಪ್ಪು ನಿಲ್ಲುತ್ತದೆ. ನಾನು ಕಂಡ ಅತಿ ಅಗ್ಗದ ಗುಣಮಟ್ಟ ಸಾಧನ ಅದು.

ಕೋರ್ಸುಗಳ ವಿಚಾರ. ಐಎಸ್‌ಒ 9001 ಎಂಬುದು ಸಂಸ್ಥೆಯ ಕಾರ್ಯಪದ್ಧತಿಗೆ ಸಿಗುವ ಮಾನ್ಯತೆ, ನಿಮ್ಮ ಸ್ಲ್ಯಾಬಿಗಲ್ಲ. 1987ರಲ್ಲಿ ಶುರುವಾದದ್ದು. ನಿಮ್ಮ ಸಂಸ್ಥೆಗೆ ಅದಿದ್ದರೆ ಇಂಟರ್ನಲ್ ಆಡಿಟರ್ ತರಬೇತಿಗೆ ನಿಮ್ಮನ್ನು ಕಳಿಸಲು ಕೇಳಿ. ಬೇರೆಯವರ ಸೈಟನ್ನು ಪ್ರಶ್ನೆ ಕೇಳುತ್ತ ನೋಡುವ ಅಭ್ಯಾಸ ಬರುತ್ತದೆ. ಸಿಕ್ಸ್ ಸಿಗ್ಮಾ 1986ರಲ್ಲಿ ಮೊಟೊರೊಲಾದಲ್ಲಿ ಹುಟ್ಟಿತು. ಹತ್ತು ಲಕ್ಷ ಅವಕಾಶಗಳಿಗೆ 3.4 ದೋಷ ಎಂಬ ಅದರ ಗುರಿ 180 ಬಾತ್‌ರೂಮಿಗೆ ಅರ್ಥವಿಲ್ಲದ್ದು. ಆದರೆ ಅದರ ಹಂತಗಳು, ಅಂದರೆ ಸಮಸ್ಯೆ ಗುರುತಿಸು, ಅಳೆ, ವಿಶ್ಲೇಷಿಸು, ಸುಧಾರಿಸು, ಹಿಡಿದಿಡು ಎಂಬ ಕ್ರಮ ಬಹಳ ಒಳ್ಳೆಯದು. ಸಿಕ್ಸ್ ಸಿಗ್ಮಾದ ಗ್ರೀನ್ ಬೆಲ್ಟ್ ಸರ್ಟಿಫಿಕೇಟ್ ಮಾಡುವುದಿದ್ದರೆ ಕೈಯಲ್ಲಿ ಒಂದು ನಿಜವಾದ ಸಮಸ್ಯೆ ಇಟ್ಟುಕೊಂಡು ಸೇರಿ, ಸೋರಿಕೆಯ ಕೆಲಸವೇ ನಿಮ್ಮ ಪ್ರಾಜೆಕ್ಟ್ ಆಗಲಿ. ಪಿಎಂಐ ನಡೆಸುವ ಪಿಎಂಪಿ (ಪ್ರಾಜೆಕ್ಟ್ ಮ್ಯಾನೇಜರುಗಳ ಸರ್ಟಿಫಿಕೇಟ್) ಪರೀಕ್ಷೆಗೆ ಪದವೀಧರರಿಗೂ ಮೂರು ವರ್ಷ ಪ್ರಾಜೆಕ್ಟ್ ಮುನ್ನಡೆಸಿದ ಅನುಭವ ಬೇಕು, ಅದಕ್ಕೆ ಈಗಲೇ ಆತುರ ಬೇಡ. ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಪಾಠಗಳ ತಾಣದಲ್ಲಿ ಐಐಟಿ ಪ್ರಾಧ್ಯಾಪಕರ ಗುಣಮಟ್ಟ ವಿಷಯದ ಪಾಠಗಳು ಉಚಿತವಾಗಿವೆ. ರಾತ್ರಿ ಅರ್ಧ ಗಂಟೆ ಅದಕ್ಕಿಡಿ. ಫೀಸು ಕಟ್ಟುವ ಕೋರ್ಸು ಮುಂದಿನ ವರ್ಷಕ್ಕೆ ಇರಲಿ.

ಸೋಮವಾರ ಬೆಳಿಗ್ಗೆ ಮಾಡಬೇಕಾದದ್ದು ಎರಡೇ. ಹಳೆಯ ಕ್ಯೂಬ್ ರಿಜಿಸ್ಟರಿನಿಂದ 30 ಫಲಿತಾಂಶ ತೆಗೆದು ಗ್ರಾಫ್ ಹಾಳೆಯಲ್ಲಿ ಚುಕ್ಕಿಯಿಡಿ. ದೋಷ ಎಣಿಸುವ ಹಾಳೆಯನ್ನು ಸೈಟ್ ಆಫೀಸಿನ ಗೋಡೆಗೆ, ಎಲ್ಲರ ಕಣ್ಣಿಗೆ ಬೀಳುವಂತೆ, ದಾರ ಕಟ್ಟಿದ ಪೆನ್ಸಿಲ್ ಸಮೇತ ಅಂಟಿಸಿ. ಮೊದಲ ಗೀಟನ್ನು ನೀವೇ ಹಾಕಿ, ಅದು ನಿಮ್ಮ ಕೈಯಿಂದಲೇ ಆದ ದೋಷವಾಗಿದ್ದರೆ ಇನ್ನೂ ಒಳ್ಳೆಯದು. ನಾಲ್ಕು ವಾರದ ನಂತರ ಆ ಹಾಳೆಯ ಮತ್ತು ಗ್ರಾಫಿನ ಫೋಟೊ ನನಗೆ ಕಳಿಸಿ. ಚುಕ್ಕಿಗಳು ಗೆರೆಯ ಯಾವ ಕಡೆ ಸಾಲುಗಟ್ಟಿವೆ ಎಂದು ನೋಡಿ, ಮುಂದಿನ ಹೆಜ್ಜೆ ಹೇಳುತ್ತೇನೆ.